ಕೂಪರ್ಸ್‌ಟೌನಿಗೆ ಹೋಗಿ ಬಂದೆವು

ಮುಂಬಯಿಯಲ್ಲಿ ನಲವತ್ತು ವರ್ಷ ಕಳೆದವರಿಗೆ ‘ಪಿಚ್ಚರ್’ ಎಂದರೆ ಒಂದೇ ಅರ್ಥ. ಟಾಕೀಸಿನ ಮುಂದೆ ಸಾಲು ನಿಂತು, ಟಿಕೀಟು ಕೊಂಡು, ಕತ್ತಲೆಯಲ್ಲಿ ಕುಳಿತು ನೋಡುವಂಥದು. ಆದ್ದರಿಂದ ಅಮೆರಿಕದಿಂದ ಮೊಮ್ಮಗ ಫೋನಿನಲ್ಲಿ, “ಅಜ್ಜೀ, ಈ ವರ್ಷ ನಾನು ಪಿಚ್ಚರ್” ಎಂದಾಗ ನಮ್ಮ ಮನೆಯವರು, “ಹೌದೇನೋ ಮರೀ! ಯಾವ ಪಿಚ್ಚರು? ಏನು ಪಾರ್ಟು?” ಎಂದು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆ ಕಡೆಯಿಂದ ನಗು ಕೇಳಿಬಂತು. ಬೇಸ್‌ಬಾಲ್ ಆಟದಲ್ಲಿ ಚೆಂಡು ಎಸೆಯುವವನಿಗೆ ಪಿಚ್ಚರ್ ಎನ್ನುತ್ತಾರೆಂದು ಮಗ ಬಿಡಿಸಿ ಹೇಳಿದ. ನಮ್ಮ ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ ಎಂದುಕೊಂಡು ಸುಮ್ಮನಾದೆವು. ಅಷ್ಟೇ ಅಲ್ಲವೆಂದು ತಿಳಿದದ್ದು 2023ರ ಜೂನಿನಲ್ಲಿ, ನಾವಿಬ್ಬರೂ ಮಗನ ಮನೆಗೆ ಹೋದ ಮೇಲೆ.

ಮಗನ ಮನೆ ಇರುವುದು ಆಲ್ಬನಿಯಲ್ಲಿ. ನ್ಯೂಯಾರ್ಕ್ ಎಂದರೆ ಮುಗಿಲು ಮುಟ್ಟುವ ಕಟ್ಟಡಗಳ ಊರು ಎಂದಷ್ಟೇ ತಿಳಿದವರಿಗೆ ಒಂದು ಮಾತು ಹೇಳಬೇಕು. ಅದೇ ಹೆಸರಿನ ರಾಜ್ಯವೂ ಒಂದುಂಟು. ಅದರ ರಾಜಧಾನಿ ಆಲ್ಬನಿ. ಹಡ್ಸನ್ ನದಿಯ ದಡದಲ್ಲಿ ಸದ್ದುಗದ್ದಲವಿಲ್ಲದೆ ಇರುವ ಊರು. ಡೊಂಬಿವಲಿಯಿಂದ ಹೋದವರಿಗೆ ಅಲ್ಲಿಯ ನಿಶ್ಶಬ್ದಕ್ಕೆ ಕಿವಿ ಹೊಂದಿಸಿಕೊಳ್ಳಲು ಒಂದು ವಾರ ಬೇಕು.

ಅಡುಗೆಮನೆಗೆ ಕಾಲಿಟ್ಟೊಡನೆ ಕಣ್ಣಿಗೆ ಬಿದ್ದದ್ದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಒಂದು ಕಾಗದ. ಸ್ಕೇಲಿನಿಂದ ಗೆರೆ ಎಳೆದು, ಮನೆಗಳನ್ನು ಮಾಡಿ, ಅಂದವಾದ ಅಕ್ಷರದಲ್ಲಿ ತುಂಬಿದ ಪಟ್ಟಿ. ತಾರೀಕು, ಎದುರಾಳಿ ತಂಡ, ಫಲಿತಾಂಶ. ಕೆಳಗಿನ ಸಾಲಿನಲ್ಲಿ ಕೆಂಪು ಶಾಯಿಯಲ್ಲಿ: ಗೆಲುವು 1, ಸೋಲು 6, .143. ಅಕ್ಷರ ನಮ್ಮ ಮಗನದು. ಲೆಕ್ಕ ಹನ್ನೊಂದು ವರ್ಷದ ಮೊಮ್ಮಗನದು.

ಕ್ರಿಕೆಟ್ಟಿನಲ್ಲಿ ಬೌಲರಿಗೆ ವಿಕೆಟ್ಟುಗಳ ಲೆಕ್ಕ ಉಂಟು, ಕೊಟ್ಟ ರನ್ನುಗಳ ಲೆಕ್ಕ ಉಂಟು. ಪಂದ್ಯ ಸೋತರೆ ಹನ್ನೊಂದು ಜನರೂ ಸೋತಂತೆ. ಬೇಸ್‌ಬಾಲಿನಲ್ಲಿ ಹಾಗಲ್ಲ. ಮೈದಾನದಲ್ಲಿ ಆಡುವವರು ಒಂಬತ್ತು ಜನ. ಆದರೆ ಗೆಲುವನ್ನೂ ಸೋಲನ್ನೂ ಒಬ್ಬ ಪಿಚ್ಚರನ ಹೆಸರಿಗೆ ಬರೆಯುತ್ತಾರೆ. ಅವನ ಗೆಲುವನ್ನು, ಅವನ ಹೆಸರಿಗೆ ಬರೆದ ಗೆಲುವು ಸೋಲುಗಳ ಒಟ್ಟು ಮೊತ್ತದಿಂದ ಭಾಗಿಸಿದರೆ ಬರುವ ದಶಾಂಶವೇ ಅವನ ‘ಗೆಲುವಿನ ಪ್ರಮಾಣ’. ಏಳರಲ್ಲಿ ಒಂದು ಗೆದ್ದರೆ .143. ನಾಟಕ ಕೆಟ್ಟರೆ ಹಾರ್ಮೋನಿಯಂ ಮಾಸ್ತರರ ಹೆಸರಿಗೆ ಬರೆದಂತಾಯಿತಲ್ಲ ಎಂದು ನಮ್ಮ ಮನೆಯವರು ಅಂದರು. ಮಗ ನಗಲಿಲ್ಲ. “ಅಂಕಿಯಲ್ಲಿ ಸುಳ್ಳಿಲ್ಲವಲ್ಲಮ್ಮಾ” ಎಂದ.

ಮೊಮ್ಮಗನಂತೂ ಆ ಕಾಗದದ ಮುಂದೆ ನಿಂತು ಹಾಲಿನ ಡಬ್ಬ ತೆಗೆಯುವಾಗಲೂ ತಲೆ ಬಗ್ಗಿಸಿಯೇ ತೆಗೆಯುತ್ತಿದ್ದ. ಬರುವ ವರ್ಷ ಆಡುವುದಿಲ್ಲವೆಂದು ಅಜ್ಜಿಯ ಕಿವಿಯಲ್ಲಿ ಹೇಳಿದ್ದನಂತೆ. ಕೈಚೀಲ, ಚೆಂಡು, ಟೋಪಿ ಎಲ್ಲವೂ ಗ್ಯಾರೇಜಿನ ಮೂಲೆ ಸೇರಿದ್ದವು.

ಹೊಸ ದೇಶಕ್ಕೆ ಹೋದವರಿಗೆ ಮೊದಲ ಹತ್ತು ದಿನ ರಾತ್ರಿ ಎರಡಕ್ಕೆ ಎಚ್ಚರವಾಗುವುದು ಗೊತ್ತೇ ಇದೆ. ಎಲ್ಲರೂ ಮಲಗಿರುವಾಗ ನಾವು ಹಾಲಿನಲ್ಲಿ ಕುಳಿತು ಮಗನ ಕಪಾಟು ತಡಕಿದೆವು. ಸಿಕ್ಕಿದ್ದು ದಿಂಬಿನಷ್ಟು ದಪ್ಪದ ಬೇಸ್‌ಬಾಲ್ ವಿಶ್ವಕೋಶ. ಸಾವಿರಾರು ಪುಟ, ಎಲ್ಲವೂ ಅಂಕಿ. ಮೂವತ್ತು ವರ್ಷ ಲೆಕ್ಕಪತ್ರದ ಕಚೇರಿಯಲ್ಲಿ ಕುಳಿತ ಕಣ್ಣಿಗೆ ಅದಕ್ಕಿಂತ ಹಬ್ಬ ಬೇರೆ ಬೇಕೆ? ಕನ್ನಡಕ ಹಾಕಿಕೊಂಡು ಮೊದಲ ವರ್ಷದಿಂದಲೇ ಆರಂಭಿಸಿದೆವು.

ಮೊದಲ ವರ್ಷವೆಂದರೆ 1876. ಆ ವರ್ಷದ ಫೆಬ್ರವರಿ 2ರಂದು ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಷಿಕಾಗೋದ ವಿಲಿಯಂ ಹಲ್ಬರ್ಟ್ ಎಂಬವನು ಸಭೆ ಕೂಡಿಸಿ ನ್ಯಾಷನಲ್ ಲೀಗನ್ನು ಕಟ್ಟಿದ. ಎಂಟು ಊರುಗಳ ಎಂಟು ತಂಡ. ಏಪ್ರಿಲ್ 22ರಂದು ಫಿಲಡೆಲ್ಫಿಯಾದಲ್ಲಿ ಮೊದಲ ಆಟ. ಬಾಸ್ಟನ್ ತಂಡ 6–5ರಿಂದ ಗೆದ್ದಿತು. ಆ ಕಾಲದಲ್ಲಿ ಒಂದು ತಂಡಕ್ಕೆ ಒಬ್ಬನೋ ಇಬ್ಬರೋ ಪಿಚ್ಚರುಗಳು. ಭುಜದ ಮೇಲಿಂದ ಎಸೆಯುವಂತಿರಲಿಲ್ಲ. ಸೊಂಟದ ಕೆಳಗಿನಿಂದ, ನಾವು ಬಾವಿಗೆ ಹಗ್ಗ ಬೀಸುವ ಹಾಗೆ, 45 ಅಡಿ ದೂರದಿಂದ ಎಸೆಯಬೇಕು. ಚೆಂಡು ಮೇಲೆ ಬರಲಿ, ಕೆಳಗೆ ಬರಲಿ ಎಂದು ದಾಂಡಿನವನೇ ಕೇಳಿ ತರಿಸಿಕೊಳ್ಳಬಹುದಿತ್ತು! ಹಿಡಿಯುವವರ ಕೈಗೆ ಚೀಲವಿಲ್ಲ, ಹೆಚ್ಚಿನವರದು ಬರಿಗೈ. ಪಿಚ್ಚರುಗಳ ಗೆಲುವು ಸೋಲಿನ ಲೆಕ್ಕವನ್ನು ಬಹುಪಾಲು ಮುಂದಿನವರು ಹಳೆಯ ಪತ್ರಿಕೆಗಳನ್ನು ಕೆದಕಿ ಬರೆದದ್ದು. ಆದ್ದರಿಂದ ಒಂದು ಪುಸ್ತಕಕ್ಕೂ ಇನ್ನೊಂದಕ್ಕೂ ಅಲ್ಲಲ್ಲಿ ಒಂದೆರಡು ಆಟಗಳ ವ್ಯತ್ಯಾಸ ಕಾಣುವುದುಂಟು.

ಗೆಲುವಿನ ಪ್ರಮಾಣದ ಪಟ್ಟಿಯಲ್ಲಿ ತುದಿಯಲ್ಲಿದ್ದವನು ಷಿಕಾಗೋದ ಆಲ್ಬರ್ಟ್ ಸ್ಪಾಲ್ಡಿಂಗ್. ಗೆಲುವು 47, ಸೋಲು 12; .797. ಅವನ ಹಿಂದೆ ಬಾಸ್ಟನ್ನಿನ ಜ್ಯಾಕ್ ಮ್ಯಾನಿಂಗ್, 18 ಗೆಲುವು, 5 ಸೋಲು, .783, ಆದರೆ ಇವನು ಆಡಿದ್ದು ಸ್ಪಾಲ್ಡಿಂಗನ ಅರ್ಧಕ್ಕಿಂತ ಕಡಿಮೆ. ಹಾರ್ಟ್‌ಫರ್ಡಿನ ಟಾಮಿ ಬಾಂಡ್ 31–13, .705. ಸೇಂಟ್ ಲೂಯಿಯ ಜಾರ್ಜ್ ಬ್ರಾಡ್ಲಿ 45–19, .703. ಹಾರ್ಟ್‌ಫರ್ಡಿನವನೇ ಆದ ಕ್ಯಾಂಡಿ ಕಮಿಂಗ್ಸ್ 16–8, .667. ಇಲ್ಲಿಂದ ಮುಂದೆ ಪಟ್ಟಿ ದಡದಡನೆ ಕೆಳಗಿಳಿಯುತ್ತದೆ. ಸಿನ್ಸಿನಾಟಿ ತಂಡ ಇಡೀ ವರ್ಷ ಗೆದ್ದದ್ದು 9, ಸೋತದ್ದು 56. ಅಲ್ಲಿಯ ಡೋರಿ ಡೀನ್ ಎಂಬವನ ಹೆಸರಿಗೆ 4 ಗೆಲುವು, 26 ಸೋಲು. ಭಾಗಿಸಿ ನೋಡಿದೆವು: .133. ನಮ್ಮ ಮೊಮ್ಮಗ ಅವನಿಗಿಂತ ಒಂದು ಕೂದಲೆಳೆ ಮೇಲೆ ಎಂದು ಆ ಅಪರಾತ್ರಿಯಲ್ಲಿ ನಮಗೆ ಸಣ್ಣ ಸಮಾಧಾನ.

ಆದರೆ ಲೆಕ್ಕದವರ ಚಾಳಿ ಏನೆಂದರೆ ಒಂದು ಕಾಲಂ ಸರಿಹೊಂದಿತೆಂದು ಪುಸ್ತಕ ಮುಚ್ಚುವವರಲ್ಲ. ಪಕ್ಕದ ಕಾಲಮ್ಮನ್ನೂ ನೋಡುತ್ತಾರೆ. ಅಲ್ಲಿ ಇನ್ನೊಂದು ಅಂಕಿ ಇತ್ತು. ಹಿಡಿಯುವವರ ತಪ್ಪಿನಿಂದ ಹೋದ ರನ್ನುಗಳನ್ನು ಕಳೆದು, ಒಂಬತ್ತು ಇನಿಂಗ್ಸಿಗೆ ಪಿಚ್ಚರ್ ತಾನು ಬಿಟ್ಟುಕೊಟ್ಟ ರನ್ ಎಷ್ಟು ಎಂಬ ಸರಾಸರಿ. ಇದು ಕಡಿಮೆಯಾದಷ್ಟೂ ಒಳ್ಳೆಯದು. ತುದಿಯಲ್ಲಿದ್ದ ಸ್ಪಾಲ್ಡಿಂಗನದು 1.75. ನಾಲ್ಕನೆಯವನಾದ ಬ್ರಾಡ್ಲಿಯದು 1.23! ಆ ವರ್ಷ ಎದುರಾಳಿಗೆ ಒಂದು ರನ್ನನ್ನೂ ಕೊಡದೆ ಅವನು ಮುಗಿಸಿದ ಆಟಗಳು 16; ನಲವತ್ತು ವರ್ಷ ಕಳೆದು 1916ರಲ್ಲಿ ಗ್ರೋವರ್ ಅಲೆಕ್ಸಾಂಡರ್ ಎಂಬವನು ಅದನ್ನು ಸರಿಗಟ್ಟಿದ, ಮೀರಲು ಇಂದಿಗೂ ಯಾರಿಂದಲೂ ಆಗಿಲ್ಲ. ಇನ್ನೂ ಕೆಳಗೆ ಬೆರಳಿಟ್ಟು ನೋಡಿದಾಗ ಲೂಯಿವಿಲ್ ತಂಡದ ಜಿಮ್ ಡೆವ್ಲಿನ್ ಸಿಕ್ಕಿದ. ಗೆಲುವು 30, ಸೋಲು 35; .462. ಸರಾಸರಿ ಮಾತ್ರ 1.56. ಎಂದರೆ ಪಟ್ಟಿಯ ತುದಿಯಲ್ಲಿರುವವನಿಗಿಂತ ಚೆನ್ನಾಗಿ ಎಸೆದವನು ಅರ್ಧಕ್ಕಿಂತ ಹೆಚ್ಚು ಆಟ ಸೋತಿದ್ದಾನೆ.

ಕಾರಣ ಹುಡುಕಿದೆವು. ಷಿಕಾಗೋ ತಂಡ ಆಟವೊಂದಕ್ಕೆ ಸರಾಸರಿ ಒಂಬತ್ತಕ್ಕಿಂತ ಹೆಚ್ಚು ರನ್ ಹೊಡೆಯುತ್ತಿತ್ತು. ಬಾಸ್ಟನ್ನಿನ ನಾಲ್ವರು ಹುಲಿಗಳನ್ನು — ಸ್ಪಾಲ್ಡಿಂಗನೂ ಅವರಲ್ಲೊಬ್ಬ — ಹಲ್ಬರ್ಟ್ ಮೊದಲೇ ಗುಟ್ಟಾಗಿ ಒಲಿಸಿಕೊಂಡಿದ್ದ. ಲೂಯಿವಿಲ್ ಹೊಡೆಯುತ್ತಿದ್ದದ್ದು ಸುಮಾರು ನಾಲ್ಕು. ಒಬ್ಬನ ಹಿಂದೆ ಒಂಬತ್ತು ರನ್, ಇನ್ನೊಬ್ಬನ ಹಿಂದೆ ನಾಲ್ಕು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರು. ಡೆವ್ಲಿನ್ ಆ ವರ್ಷ ಎಸೆದದ್ದು 622 ಇನಿಂಗ್ಸ್. ತಂಡದ ಬಹುತೇಕ ಎಲ್ಲ ಆಟಗಳನ್ನೂ ಅವನೊಬ್ಬನೇ ಎಸೆದಿದ್ದ. ಈಗ ಹನ್ನೊಂದು ಹನ್ನೆರಡು ವರ್ಷದ ಹುಡುಗರಿಗೆ ದಿನಕ್ಕೆ 85 ಎಸೆತದ ಮಿತಿ ಇದೆ. ಆ ಮೇಲೆ ಹುಡುಗನನ್ನು ಬದಲಿಸಲೇಬೇಕು.

ಬೆಳಗಾಗುವುದರೊಳಗೆ ಸುಮ್ಮನೆ ಇನ್ನೊಂದು ಕೆಲಸವನ್ನೂ ಮಾಡಿದೆವು. ಫ್ರಿಜ್ಜಿನ ಮೇಲಿನ ಫಲಿತಾಂಶಗಳನ್ನು ಕೂಡಿದೆವು. ಮೊಮ್ಮಗ ಎಸೆದ ಏಳು ಆಟಗಳಲ್ಲಿ ಅವನ ತಂಡ ಹೊಡೆದದ್ದು ಒಟ್ಟು ಹನ್ನೊಂದು ರನ್. ಆ ಹನ್ನೊಂದರಲ್ಲಿ ಆರು, ಗೆದ್ದ ಒಂದೇ ಆಟದವು.

ಶನಿವಾರ ಮಗ, “ಎಲ್ಲರೂ ಕೂಪರ್ಸ್‌ಟೌನಿಗೆ ಹೋಗೋಣ” ಎಂದ. ಬೇಸ್‌ಬಾಲಿನ ಕೀರ್ತಿಮಂದಿರ ಇರುವ ಊರು ಅದು. ಮಗನ ಮನಸ್ಸಿನಲ್ಲಿ ದೊಡ್ಡವರ ಮೂರ್ತಿಗಳನ್ನು ನೋಡಿದರೆ ಹುಡುಗನಿಗೆ ಹುರುಪು ಬಂದೀತು ಎಂದಿರಬೇಕು. ಹುಡುಗ ಬರುವುದಿಲ್ಲವೆಂದು ಹಟ ಹಿಡಿದ. ಅಜ್ಜಿ ಬುತ್ತಿಗೆ ಚಪಾತಿ, ಬದನೆಕಾಯಿ ಪಲ್ಯ, ಮೊಸರನ್ನ ಕಟ್ಟಿಕೊಂಡಿದ್ದಾರೆಂದು ತಿಳಿದ ಮೇಲೆ ಹಟ ಸ್ವಲ್ಪ ಸಡಿಲವಾಯಿತು.

ಆಲ್ಬನಿಯಿಂದ ಪಶ್ಚಿಮಕ್ಕೆ ನೂರು ನೂರಹತ್ತು ಕಿಲೋಮೀಟರು. ದಾರಿ ಒಂದು ಗುಡ್ಡ ಹತ್ತಿ ಇನ್ನೊಂದು ಗುಡ್ಡ ಇಳಿಯುತ್ತದೆ. ಕೆಂಪು ಬಣ್ಣ ಬಳಿದ ದೊಡ್ಡ ದೊಡ್ಡ ಕೊಟ್ಟಿಗೆಗಳು, ಕಪ್ಪು ಬಿಳುಪು ಹಸುಗಳು, ಜೋಳದ ಹೊಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯಲ್ಲೆಲ್ಲ ಬೀರಿಗೆ ಹಾಕುವ ‘ಹಾಪ್ಸ್’ ಬಳ್ಳಿ ಬೆಳೆಯುತ್ತಿದ್ದರಂತೆ. ಬಳ್ಳಿ ಹೋಯಿತು, ಹಸು ಉಳಿಯಿತು. ಮನುಷ್ಯರು ಕಾಣುವುದೇ ಅಪರೂಪ. “ಇಷ್ಟೊಂದು ನೆಲ ಇಟ್ಟುಕೊಂಡು ಇವರೆಲ್ಲ ಎಲ್ಲಿ ಹೋದರ್ರೀ?” ಎಂದು ನಮ್ಮ ಮನೆಯವರು ಕೇಳಿದರು. ಲೋಕಲ್ ಗಾಡಿಯಲ್ಲಿ ಒಂದು ಕಾಲಿಗೆ ಜಾಗ ಸಿಕ್ಕರೆ ಸಾಕೆಂದು ದಿನ ದೂಡಿದವರ ಪ್ರಶ್ನೆ ಅದು.

ಕೂಪರ್ಸ್‌ಟೌನ್ ಎರಡು ಸಾವಿರ ಜನವೂ ಇಲ್ಲದ ಹಳ್ಳಿ. ವಿಲಿಯಂ ಕೂಪರ್ ಎಂಬವನು 1786ರಲ್ಲಿ ಕಟ್ಟಿಸಿದ್ದು. ಅವನ ಮಗ ಜೇಮ್ಸ್ ಫೆನಿಮೋರ್ ಕೂಪರ್ ಅಮೆರಿಕದ ಹೆಸರಾಂತ ಕಾದಂಬರಿಕಾರ. ಊರಿಗೆ ಒಂದೇ ದೊಡ್ಡ ಬೀದಿ. ಆ ಬೀದಿಯ ಎರಡು ಕಡೆಯ ಅಂಗಡಿಗಳಲ್ಲೂ ದಾಂಡು, ಚೆಂಡು, ಟೋಪಿ, ಆಟಗಾರರ ಚಿತ್ರದ ಚೀಟಿ. ಯಾತ್ರಾಸ್ಥಳದ ರಥಬೀದಿಯಲ್ಲಿ ಎಲ್ಲ ಅಂಗಡಿಯಲ್ಲೂ ಕುಂಕುಮ, ಬಳೆ, ದೇವರ ಪಟ ಇರುವುದಿಲ್ಲವೇ? ಹಾಗೆಯೇ. ವ್ಯತ್ಯಾಸವೆಂದರೆ ಕೈ ಹಿಡಿದು ಎಳೆಯುವವರಿಲ್ಲ, ಬೆಲೆಯೂ ಇಳಿಯುವುದಿಲ್ಲ.

ಈ ಮೂಲೆಯ ಹಳ್ಳಿಗೆ ಬೇಸ್‌ಬಾಲಿನ ಕ್ಷೇತ್ರಮಹಿಮೆ ಬಂದ ಕಥೆ ಸ್ವಾರಸ್ಯವಾಗಿದೆ. ಅದರಲ್ಲೂ ನಮ್ಮ ಸ್ಪಾಲ್ಡಿಂಗನೇ ಸೂತ್ರಧಾರ. 1876ರಲ್ಲಿ ಅವನು ಚೆಂಡು ಎಸೆಯುತ್ತಲೇ ತಮ್ಮನೊಡನೆ ಆಟದ ಸಾಮಾನಿನ ಅಂಗಡಿ ತೆರೆದಿದ್ದ. ಮುಂದಿನ ವರ್ಷದ ಹೊತ್ತಿಗೆ ಎಸೆಯುವುದನ್ನು ಬಹುಮಟ್ಟಿಗೆ ಬಿಟ್ಟು, ಕೈಗೆ ಎಲ್ಲರಿಗೂ ಕಾಣುವ ಹಾಗೆ ಚರ್ಮದ ಚೀಲ ಹಾಕಿಕೊಂಡು ಆಡತೊಡಗಿದ. ಚೀಲ ಹಾಕಿಕೊಳ್ಳುವುದು ಹೇಡಿತನವೆಂದು ನಗುತ್ತಿದ್ದ ಕಾಲ ಅದು. ಅವನು ಹಾಕಿಕೊಂಡ ಮೇಲೆ ಯಾರೂ ನಗಲಿಲ್ಲ. ಚೀಲವನ್ನು ಮಾರುವವನೂ ಅವನೇ ಎಂಬುದನ್ನು ಮರೆಯಬಾರದು. ವ್ಯಾಪಾರ ಬೆಳೆಯಿತು. 1888–89ರಲ್ಲಿ ಎರಡು ತಂಡಗಳನ್ನು ಕಟ್ಟಿಕೊಂಡು ಲೋಕ ಸುತ್ತಿದ. ಆಸ್ಟ್ರೇಲಿಯಾ ಮುಗಿಸಿ ಸಿಂಹಳದ ಕೊಲಂಬೋದಲ್ಲಿ ಒಂದು ಆಟ ಆಡಿಸಿ ಈಜಿಪ್ಟಿಗೆ ಹೋದ. ಅಲ್ಲಿಯ ಸ್ಫಿಂಕ್ಸ್ ಮೂರ್ತಿಯ ಮೇಲೆ ಆಟಗಾರರು ಹತ್ತಿ ಕುಳಿತ ಫೋಟೋ ಇಂದಿಗೂ ಪ್ರಸಿದ್ಧ.

ಇಷ್ಟಾದ ಮೇಲೆ ಅವನಿಗೊಂದು ಚಿಂತೆ ಹತ್ತಿತು. ಬೇಸ್‌ಬಾಲ್ ಹುಟ್ಟಿದ್ದು ಎಲ್ಲಿ? ಆಟದ ಅಂಕಿಅಂಶದ ಪಿತಾಮಹನಾದ ಹೆನ್ರಿ ಚಾಡ್ವಿಕ್ — ಹುಟ್ಟಿನಿಂದ ಇಂಗ್ಲಿಷಿನವನು — ಇಂಗ್ಲೆಂಡಿನ ಮಕ್ಕಳಾಟ ‘ರೌಂಡರ್ಸ್’ನಿಂದಲೇ ಇದು ಬಂದದ್ದು ಎನ್ನುತ್ತಿದ್ದ. ಸ್ಪಾಲ್ಡಿಂಗನಿಗೆ ಅದು ಸಹಿಸಲಿಲ್ಲ. ಅಮೆರಿಕದ ಆಟ ಅಮೆರಿಕದಲ್ಲೇ ಹುಟ್ಟಿರಬೇಕು! 1905ರಲ್ಲಿ ಅವನ ಒತ್ತಾಯದಿಂದ ಒಂದು ಸಮಿತಿ ನೇಮಕವಾಯಿತು. ಆಬ್ನರ್ ಗ್ರೇವ್ಸ್ ಎಂಬ ಮುದುಕ ಪತ್ರ ಬರೆದು, ತಾನು ಚಿಕ್ಕವನಾಗಿದ್ದಾಗ ಕೂಪರ್ಸ್‌ಟೌನಿನಲ್ಲಿ ಆಬ್ನರ್ ಡಬಲ್‌ಡೇ ಈ ಆಟವನ್ನು ಕಂಡುಹಿಡಿದದ್ದನ್ನು ಬಲ್ಲೆನೆಂದ. ಸಮಿತಿ 1839 ಎಂದು ವರ್ಷವನ್ನೂ ಗೊತ್ತುಮಾಡಿ ವರದಿ ಬರೆಯಿತು. ಡಬಲ್‌ಡೇ ಮುಂದೆ ಅಂತರ್ಯುದ್ಧದಲ್ಲಿ ಸೇನಾಪತಿಯಾಗಿ ಹೆಸರು ಮಾಡಿದವನು. ಆದರೆ 1839ರಲ್ಲಿ ಅವನಿದ್ದದ್ದು ವೆಸ್ಟ್ ಪಾಯಿಂಟಿನ ಸೈನಿಕ ಶಾಲೆಯಲ್ಲಿ. ತಾನು ಇಂಥದೊಂದು ಆಟ ಹುಟ್ಟಿಸಿದೆನೆಂದು ಅವನು ಎಲ್ಲಿಯೂ ಬರೆದಿಟ್ಟಿಲ್ಲ. ಕೇಳೋಣವೆಂದರೆ 1893ರಲ್ಲೇ ತೀರಿಕೊಂಡಿದ್ದ. ಒಬ್ಬ ಸಾಕ್ಷಿ, ಸತ್ತ ಒಬ್ಬ ಸೇನಾಪತಿ. ಇಷ್ಟರ ಮೇಲೆ ಪುರಾಣ ನಿಂತಿತು. ಅದು ನಿಜವಲ್ಲವೆಂದು ಈಗ ವಸ್ತುಸಂಗ್ರಹಾಲಯದವರೇ ಒಪ್ಪುತ್ತಾರೆ.

ಪುರಾಣಕ್ಕೆ ಗುಡಿ ಕಟ್ಟಿಸಿದವನು ಊರಿನ ಶ್ರೀಮಂತ ಸ್ಟೀಫನ್ ಕ್ಲಾರ್ಕ್. ಹತ್ತಿರದ ಹಳ್ಳಿಯ ಅಟ್ಟವೊಂದರಲ್ಲಿ ಸಿಕ್ಕಿದ ಹಳೆಯ ಚೆಂಡನ್ನು ಐದು ಡಾಲರಿಗೆ ಕೊಂಡು ಪ್ರದರ್ಶನಕ್ಕಿಟ್ಟ; 1939ರ ಜೂನ್ 12ರಂದು ಮಂದಿರ ತೆರೆಯಿತು. ಈ ಕ್ಲಾರ್ಕನ ಹಣ ಬಂದದ್ದು ಅವನ ಅಜ್ಜನಿಂದ. ಅಜ್ಜ ಸಿಂಗರ್ ಹೊಲಿಗೆ ಯಂತ್ರದ ಕಂಪನಿಯ ಪಾಲುದಾರ! ಇದನ್ನು ಕೇಳಿದ್ದೇ ನಮ್ಮ ಮನೆಯವರಿಗೆ ಆ ಕಟ್ಟಡದ ಮೇಲೆ ಎಲ್ಲಿಲ್ಲದ ಅಭಿಮಾನ ಹುಟ್ಟಿತು. ಅವರ ತಾಯಿ ಇಡೀ ಸಂಸಾರದ ಲಂಗ, ಪೋಲಕ, ಚೀಲ ಹೊಲಿದದ್ದು ಸಿಂಗರಿನಲ್ಲಿಯೇ. “ಇದರಲ್ಲಿ ಒಂದು ಇಟ್ಟಿಗೆ ನಮ್ಮ ಅವ್ವಂದು” ಎಂದು ಮೊಮ್ಮಗನಿಗೆ ತೋರಿಸಿದರು.

ಒಳಗೆ ಹೋದೆವು. ಫಲಕಗಳ ಹಜಾರ ಎತ್ತರವಾಗಿ, ತಣ್ಣಗೆ, ದೇವಸ್ಥಾನದ ಹಾಗೆಯೇ ಇದೆ. ಗೋಡೆಯುದ್ದಕ್ಕೂ ಕಂಚಿನ ಫಲಕಗಳು. ಪ್ರತಿಯೊಂದರಲ್ಲೂ ಒಂದು ಮುಖ, ಕೆಳಗೆ ಕೆಲವು ಸಾಲು. ಜನ ಮೆಲ್ಲಗೆ ಮಾತನಾಡುತ್ತಾರೆ. ಮಗ ಹುಡುಗನ ಹೆಗಲ ಮೇಲೆ ಕೈಯಿಟ್ಟು ಬೇಬ್ ರೂತ್, ವಾಲ್ಟರ್ ಜಾನ್ಸನ್ ಎಂದು ತೋರಿಸುತ್ತ ನಡೆದ. ರ‍್ಯಾಡ್‌ಬರ್ನನ ಮುಂದೆ ಬಹಳ ಹೊತ್ತು ನಿಂತ. 1884ರಲ್ಲಿ ಪ್ರಾವಿಡೆನ್ಸ್ ತಂಡದ ಇನ್ನೊಬ್ಬ ಪಿಚ್ಚರ್ ಕುಡಿದು ಜಗಳವಾಡಿ ಹೊರಟುಹೋದಾಗ, ಉಳಿದ ಆಟಗಳನ್ನೆಲ್ಲ ತಾನೇ ಎಸೆಯುತ್ತೇನೆಂದು ನಿಂತ ಗಟ್ಟಿಗ. ಸೋಲು 12, ಗೆಲುವು ಕೆಲವು ಪುಸ್ತಕಗಳಲ್ಲಿ 60, ಕೆಲವದರಲ್ಲಿ 59. ಒಂದು ಆಟದಲ್ಲಿ ಮೊದಲ ಐದು ಇನಿಂಗ್ಸನ್ನು ಮಿಲ್ಲರ್ ಎಂಬವನೂ ಕೊನೆಯ ನಾಲ್ಕನ್ನು ಇವನೂ ಎಸೆದರು. ಅಂದಿನ ಗುಮಾಸ್ತ ಗೆಲುವನ್ನು ಇವನಿಗೆ ಬರೆದ, ಇಂದಿನ ನಿಯಮದಂತೆ ಅದು ಮಿಲ್ಲರನದು. .833 ಎನ್ನೋಣವೇ, .831 ಎನ್ನೋಣವೇ ಎಂದು ಪಂಡಿತರು ಇನ್ನೂ ಕಾದಾಡುತ್ತಾರೆ. “ಅಂಕಿಯಲ್ಲಿ ಸುಳ್ಳಿಲ್ಲ ಅಂದಿದ್ದೆಯಲ್ಲಪ್ಪ” ಎಂದೆವು. ಮಗ ಮಾತನಾಡದೆ ಮುಂದೆ ನಡೆದ.

ಸ್ಪಾಲ್ಡಿಂಗನ ಫಲಕವೂ ಅಲ್ಲಿಯೇ ಇತ್ತು, 1939ರಲ್ಲಿ ಹಾಕಿದ್ದು. ಅದರ ಮೊದಲ ಮಾತು ಅವನ ಎಸೆತದ್ದಲ್ಲ, ಸಂಘಟನೆಯ ಪ್ರತಿಭೆಯದು. ಚೆಂಡನ್ನು ಬಾಗಿಸಿ ಎಸೆಯುವುದನ್ನು ಮೊದಲು ಕಂಡುಕೊಂಡವನೆಂದು ಕಮಿಂಗ್ಸ್‌ನಿಗೂ ಫಲಕ ಇದೆ; ಹುಡುಗನಾಗಿದ್ದಾಗ ಕಡಲ ದಂಡೆಯಲ್ಲಿ ಚಿಪ್ಪು ಎಸೆಯುತ್ತ, ಅದು ಗಾಳಿಯಲ್ಲಿ ಬಾಗುವುದನ್ನು ನೋಡಿ ಹೊಳೆಯಿತಂತೆ. ಬ್ರಾಡ್ಲಿ ಇಲ್ಲ. ಬಾಂಡ್ ಇಲ್ಲ.

“ಅಜ್ಜಾ, ಯಾರನ್ನ ಹುಡುಕ್ತಿದ್ದೀರಿ?” ಎಂದು ಮೊಮ್ಮಗ ಕೇಳಿದ. ಆ ದಿನ ಅವನಾಗಿಯೇ ಆಡಿದ ಮೊದಲ ಮಾತು ಅದು. ಡೆವ್ಲಿನ್ ಎಂಬವನನ್ನು ಎಂದೆವು. ಚೀಟಿಯಲ್ಲಿ ಬರೆದುಕೊಂಡಿದ್ದ ಅಂಕಿಗಳನ್ನು ತೋರಿಸಿದೆವು. 47–12, 1.75, 30–35, 1.56. ಅವನು ಚೀಟಿಯನ್ನು ಎರಡು ಸಲ ಓದಿದ. “ಇವನೇ ಚೆನ್ನಾಗಿ ಎಸೆದಾನೆ. ಮತ್ತೆ ಮೂವತ್ತೈದು ಹ್ಯಾಗೆ ಸೋತ?” ತಂಡ ರನ್ ಹೊಡೆಯಲಿಲ್ಲ ಎಂದೆವು. ಅವನು ಏನೋ ಹೇಳಲು ಹೋಗಿ, ಅಪ್ಪನ ಕಡೆ ನೋಡಿ, ಬಾಯಿ ಮುಚ್ಚಿಕೊಂಡ.

“ಫಲಕ ಯಾಕಿಲ್ಲ?” ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಸುಳ್ಳು ಹೇಳಲಾಗಲಿಲ್ಲ. 1877ರಲ್ಲಿ ಲೂಯಿವಿಲ್ ಪಟ್ಟಿಯ ತುದಿಯಲ್ಲಿತ್ತು. ತಂಡದ ಒಂದೊಂದು ಇನಿಂಗ್ಸನ್ನೂ ಡೆವ್ಲಿನ್ನನೇ ಎಸೆಯುತ್ತಿದ್ದ. ಇದ್ದಕ್ಕಿದ್ದಂತೆ ತಂಡ ಸೋಲತೊಡಗಿತು. ತಂತಿಗಳನ್ನು ತೆರೆದು ನೋಡಿದಾಗ ಜೂಜುಕೋರರ ವ್ಯವಹಾರ ಹೊರಬಿತ್ತು. ನಾಲ್ವರನ್ನು ಆಟದಿಂದ ಜೀವಾವಧಿ ಹೊರಗೆ ಹಾಕಿದರು, ಡೆವ್ಲಿನ್ ಅವರಲ್ಲೊಬ್ಬ. ಅವನು ಹಲ್ಬರ್ಟನ ಕಚೇರಿಗೆ ಹರಕು ಬಟ್ಟೆಯಲ್ಲಿ ಬಂದು ಮೊಣಕಾಲೂರಿ ಬೇಡಿದನೆಂದೂ, ಹಲ್ಬರ್ಟ್ ಕಣ್ಣೀರಿಡುತ್ತ ಐವತ್ತು ಡಾಲರಿನ ನೋಟು ಅವನ ಕೈಯಲ್ಲಿಟ್ಟು, ಆದರೆ ಆಟಕ್ಕೆ ಮಾತ್ರ ಎಂದಿಗೂ ಸೇರಿಸೆನೆಂದನೆಂದೂ ಸ್ಪಾಲ್ಡಿಂಗ್ 1911ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಡೆವ್ಲಿನ್ ಫಿಲಡೆಲ್ಫಿಯಾದಲ್ಲಿ ಪೋಲೀಸಿನವನಾದ. 1883ರಲ್ಲಿ ಕ್ಷಯದಿಂದ ತೀರಿಕೊಂಡ.

“ಇಂಥವನ ಕಥೆಯನ್ನು ಮಗುವಿಗೆ ಹೇಳ್ತೀರಲ್ಲ ಅಪ್ಪಾ” ಎಂದು ಮಗ ಬೇಸರಪಟ್ಟುಕೊಂಡ. ಅವನು ಹೇಳಿದ್ದೂ ಸರಿಯೇ. ಮಾಡಿದ ತಪ್ಪು ಸಣ್ಣದಲ್ಲ. ಆದರೆ ಅದು ಮರುವರ್ಷದ ಮಾತು. 1876ರ 622 ಇನಿಂಗ್ಸುಗಳನ್ನು ಅದಕ್ಕಾಗಿ ಅಳಿಸುವುದು ಹೇಗೆಂದು ನಮಗೆ ತಿಳಿಯಲಿಲ್ಲ. ಹೊರಗೆ ಬಂದು ಬುತ್ತಿ ಬಿಚ್ಚಿದೆವು.

ಮಂದಿರದ ಪಕ್ಕದಲ್ಲಿ ಹುಲ್ಲಿನ ಅಂಗಳ. ಅಲ್ಲಿ ಎರಡು ಕಂಚಿನ ಪ್ರತಿಮೆಗಳು: ಎಸೆಯುತ್ತಿರುವ ಜಾನಿ ಪಾಡ್ರೆಸ್, ಹಿಡಿಯಲು ಕುಕ್ಕರುಗಾಲಲ್ಲಿ ಕುಳಿತ ರಾಯ್ ಕ್ಯಾಂಪನೆಲಾ. ಇಬ್ಬರ ನಡುವೆ ಇಂದಿನ ನಿಯಮದ 60 ಅಡಿ 6 ಅಂಗುಲ ದೂರ, 1893ರಲ್ಲಿ ನಿಶ್ಚಯವಾದದ್ದು. ಊಟ ಮಾಡುತ್ತಲೇ ಮಗನಿಗೆ ಒಂದು ಮಾತು ಹೇಳಬೇಕೆಂದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕೊನೆಗೆ ನಮ್ಮ ಮನೆಯವರೇ ಬಾಯಿ ತೆರೆದರು.

“ಹತ್ತನೇ ಇಯತ್ತೆಯಲ್ಲಿ ನಿನಗೆ ಗಣಿತದಲ್ಲಿ ಎಷ್ಟು ಬಂದಿತ್ತೋ?”

“ತೊಂಬತ್ತನಾಲ್ಕು.” ಯೋಚನೆ ಮಾಡದೆ ಉತ್ತರ ಬಂತು. “ಅಪ್ಪ ಉಳಿದ ಆರು ಎಲ್ಲಿ ಅಂತ ಕೇಳಿದರು.”

ಕೇಳಿದ್ದು ನಿಜ. ಡೊಂಬಿವಲಿಯ ಒಂದೂವರೆ ಕೋಣೆಯ ಮನೆಯಲ್ಲಿ ಕಬ್ಬಿಣದ ಕಪಾಟಿನ ಬಾಗಿಲಿಗೆ ಅಂಕಗಳ ಪಟ್ಟಿ ಅಂಟಿಸಿದ್ದೂ ನಿಜ. ಗೆರೆಗಳನ್ನು ಸ್ಕೇಲಿನಿಂದ ಎಳೆದಿದ್ದೆವು. ಮೊತ್ತವನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೆವು. ಆ ವರ್ಷ ಅವನು ಓದಿದ್ದು ಹೊರಗಿನ ಜಗಲಿಯ ದೀಪದ ಕೆಳಗೆ. ಒಳಗೆ ಊರಿನಿಂದ ಬಂದ ನೆಂಟರು ನಾಲ್ಕು ತಿಂಗಳು ಇದ್ದರು. ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. “ತಪ್ಪಾಯಿತು ಕಣೋ, ಹಾಗೆ ಕೇಳಬಾರದಿತ್ತು” ಎಂದೆವು. ಇಷ್ಟು ಹೇಳಲು ಮೂವತ್ತು ವರ್ಷ ಬೇಕಾಯಿತು. ಅದೂ ಪರದೇಶದ ಹುಲ್ಲಿನ ಮೇಲೆ, ಕೈಯಲ್ಲಿ ಮೊಸರನ್ನದ ತಟ್ಟೆ ಹಿಡಿದುಕೊಂಡು. ಮಗ ತಟ್ಟೆಯನ್ನೇ ನೋಡುತ್ತ ಕುಳಿತ. ಆ ಮೇಲೆ ಉಪ್ಪಿನಕಾಯಿ ಕೇಳಿದ.

ಅಷ್ಟರಲ್ಲಿ ಮೊಮ್ಮಗ ಪ್ರತಿಮೆಗಳ ಹತ್ತಿರ ಹೆಜ್ಜೆ ಎಣಿಸುತ್ತಿದ್ದ. ಆ ಕಾಲದಲ್ಲಿ 45 ಅಡಿ ಎಂದು ಹೇಳಿದ್ದೆವಲ್ಲ, ಅದನ್ನು ಅಳೆಯುತ್ತಿದ್ದನಂತೆ. ಓಡಿ ಬಂದು, “ಅಜ್ಜಾ, ನಮ್ಮದು 46 ಅಡಿ! ನಾನು ಸ್ಪಾಲ್ಡಿಂಗ್‌ಗಿಂತ ಒಂದು ಅಡಿ ದೂರದಿಂದ ಎಸೀತೀನಿ!” ಎಂದ. ಮಕ್ಕಳ ಲೀಗಿನ ದೂರ ಅಷ್ಟೇ, ಮಗನೂ ಹೌದೆಂದ. ಕಾರಿನಲ್ಲಿ ಚೆಂಡು ಇರಲಿಲ್ಲ. ಬೀದಿಯ ಅಂಗಡಿಯಿಂದ ಮಗನೇ ಹೋಗಿ ಒಂದು ಕೊಂಡುತಂದ. ಡಬಲ್‌ಡೇ ಹೆಸರಿನ ಮೈದಾನದ ಬಾಗಿಲಲ್ಲಿ ಬರಿಗಾಲಿನ ಹುಡುಗನೊಬ್ಬ ದಾಂಡು ಹಿಡಿದು ನಿಂತ ಕಂಚಿನ ಮೂರ್ತಿ ಇದೆ. ಅದರಾಚೆಯ ಬಯಲಲ್ಲಿ ಅಪ್ಪ ಮಗ ಇಬ್ಬರೂ ಬರಿಗೈಯಲ್ಲಿ, 1876ರವರ ಹಾಗೆ ಸೊಂಟದ ಕೆಳಗಿನಿಂದ, ಒಂದು ಗಂಟೆ ಎಸೆದಾಡಿದರು. ಮಗನ ಅಂಗೈ ಕೆಂಪಾಯಿತು. ಏಳು ಸಲ ಬಿಟ್ಟ, ಹುಡುಗ ಎಣಿಸುತ್ತಿದ್ದ.

ಹಿಂತಿರುಗುವ ಮೊದಲು ಆಟ್ಸಿಗೋ ಸರೋವರದ ಕಟ್ಟೆಯ ಮೇಲೆ ಕುಳಿತೆವು. ಒಂಬತ್ತು ಮೈಲಿ ಉದ್ದದ ತಿಳಿನೀರು. ಊರಿನ ಅಂಚಿನಲ್ಲಿ ಅದರಿಂದ ಒಂದು ಸಣ್ಣ ತೊರೆ ಹೊರಡುತ್ತದೆ, ನೋಡಿದರೆ ಹಾರಿ ದಾಟಬಹುದೆನ್ನಿಸುವಷ್ಟು. ಅದೇ ಸಸ್ಕ್ವೆಹಾನಾ, ಏಳುನೂರು ಕಿಲೋಮೀಟರು ಹರಿದು ಸಮುದ್ರದ ಕೊಲ್ಲಿ ಸೇರುವ ಮಹಾನದಿ. ತಲಕಾವೇರಿ ಕಂಡವರಿಗೆ ಇಂಥ ಹುಟ್ಟು ಹೊಸದಲ್ಲ. ನಮ್ಮ ಮನೆಯವರು ಬಗ್ಗಿ ಒಂದು ಬೊಗಸೆ ನೀರು ತೆಗೆದುಕೊಂಡು ತಲೆಗೆ ಪ್ರೋಕ್ಷಿಸಿಕೊಂಡರು. ಪಕ್ಕದಲ್ಲಿ ಐಸ್‌ಕ್ರೀಮು ತಿನ್ನುತ್ತಿದ್ದ ಒಂದು ಸಂಸಾರ ಬೆರಗಾಗಿ ನೋಡಿತು.

ಮರುದಿನ ಬೆಳಗ್ಗೆ ಫ್ರಿಜ್ಜಿನ ಬಾಗಿಲ ಮೇಲೆ ಪಟ್ಟಿ ಅಲ್ಲಿಯೇ ಇತ್ತು. ಮಗ ಅದನ್ನು ಕಿತ್ತುಹಾಕಿರಲಿಲ್ಲ. ಬಲಗಡೆ ಪೆನ್ಸಿಲಿನಲ್ಲಿ ಸೊಟ್ಟ ಗೆರೆಯ ಒಂದು ಹೊಸ ಕಾಲಂ ಮಾತ್ರ ಸೇರಿತ್ತು: ‘ನಮ್ಮ ರನ್’. ಅಕ್ಷರ ಮೊಮ್ಮಗನದು, ಕನ್ನಡದಲ್ಲಿ. ‘ನ್ನ’ದ ಒತ್ತು ಬೇಡದ ಕಡೆ ಬಿದ್ದಿತ್ತು.

ನಾವು ಸೆಪ್ಟೆಂಬರಿನಲ್ಲಿ ಮರಳಿದೆವು. ಮುಂದಿನ ಏಪ್ರಿಲಿನಲ್ಲಿ ಫೋನು ಬಂತು. ಹುಡುಗ ಆಡುತ್ತಿದ್ದಾನೆ, ಆದರೆ ಪಿಚ್ಚರ್ ಅಲ್ಲ, ಕ್ಯಾಚರ್. ಮುಖಕ್ಕೆ ಜಾಲರಿ, ಎದೆಗೆ ದಿಂಬಿನಂಥ ಕವಚ ಕಟ್ಟಿಕೊಂಡು ಪಿಚ್ಚರನ ಎದುರು ಕುಕ್ಕರುಗಾಲಲ್ಲಿ ಕೂಡುವ ಕೆಲಸ. ಅದನ್ನು ಅವನೇ ಕೇಳಿ ತೆಗೆದುಕೊಂಡನಂತೆ. “ಇದರಲ್ಲಿ ಗೆಲುವು ಸೋಲು ಯಾರ ಹೆಸರಿಗೋ?” ಎಂದು ಅಜ್ಜಿ ಕೇಳಿದರು. “ಎಸೆಯೋನ ಹೆಸರಿಗೇ ಅಜ್ಜೀ. ಆದರೆ ಅವನು ಸೋತರೆ ನಾನು ಹೋಗಿ ಅವನ ಹತ್ರ ಮಾತಾಡಬೇಕು. ಅದೂ ನನ್ನ ಕೆಲಸ” ಎಂದ.